ಕೋಟಕ್ಕನ ಎರಡು ಬೆರಳು

ಆ ಸಂಶೋಧನಾಲಯದಲ್ಲಿ ಹನ್ನೊಂದು ಪ್ರಯೋಗಶಾಲೆಗಳಿದ್ದವು. ಒಂದರಲ್ಲಿ ನಕ್ಷತ್ರದ ಬೆಳಕನ್ನು ಅಳೆಯುತ್ತಿದ್ದರು, ಇನ್ನೊಂದರಲ್ಲಿ ಇಲಿಯ ನಿದ್ದೆಯನ್ನು ಅಳೆಯುತ್ತಿದ್ದರು, ಮತ್ತೊಂದರಲ್ಲಿ ಏನನ್ನು ಅಳೆಯುತ್ತಿದ್ದರೆಂಬುದು ಅಲ್ಲಿ ಕೆಲಸ ಮಾಡುವವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಒಬ್ಬರ ಬಾಗಿಲನ್ನು ಇನ್ನೊಬ್ಬರು ತಟ್ಟುವ ರೂಢಿಯೂ ಇರಲಿಲ್ಲ. ಆದರೆ ಹನ್ನೊಂದು ಶಾಲೆಯವರೂ ವರ್ಷಕ್ಕೆ ಒಂದೆರಡು ಸಲವಾದರೂ ತಟ್ಟಲೇಬೇಕಾದ ಒಂದು ಬಾಗಿಲಿತ್ತು. ಕೆಳಮಹಡಿಯ ಕಾರಿಡಾರಿನ ಕೊನೆಯಲ್ಲಿ, ಉಗ್ರಾಣದ ಪಕ್ಕದಲ್ಲಿ, ಹಸಿರು ಬಣ್ಣ ಬಳಿದ ಬಾಗಿಲು. ಅದಕ್ಕೆ ಬೋರ್ಡು ಇರಲಿಲ್ಲ. ಒಳಗಿನಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತಲ್ಲ, ಬೋರ್ಡು ಯಾಕೆ ಬೇಕು?

ಆ ಕೋಣೆಯ ಒಡತಿಯನ್ನು ಎಲ್ಲರೂ ಕೋಟಕ್ಕ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷಗಳ ಹಿಂದೆ ಅವಳನ್ನು ಕೆಲಸಕ್ಕೆ ಸೇರಿಸಿಕೊಂಡದ್ದು ವಿಜ್ಞಾನಿಗಳಿಗೆ ಬಿಳಿ ಕೋಟು ಹೊಲಿಯುವುದಕ್ಕೆ. ಬಿಡುವಿದ್ದಾಗ ಕಿಟಕಿಗಳಿಗೆ ಪರದೆ. ಹುಟ್ಟಿದಾಗ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಉಳಿಯಿತು, ಕೋಟಿನ ಹೆಸರು ಜನರ ಬಾಯಲ್ಲಿ ಉಳಿಯಿತು. ಅವಳಿಗೂ ಅದರ ಬಗ್ಗೆ ಬೇಸರವಿರಲಿಲ್ಲ. "ಪರದಕ್ಕ ಅಂತ ಕರೀಲಿಲ್ವಲ್ಲ, ಪುಣ್ಯ," ಎನ್ನುತ್ತಿದ್ದಳು.

ಮೊದಲ ಮೂರು ತಿಂಗಳು ಕೋಟು, ಪರದೆ, ಮತ್ತೆ ಕೋಟು. ನಾಲ್ಕನೆಯ ತಿಂಗಳು ನಕ್ಷತ್ರದ ಶಾಲೆಯ ಹಿರಿಯರೊಬ್ಬರು ತಲೆ ಕೆರೆದುಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತರು. ಅವರ ಉಪಕರಣಕ್ಕೆ ಒಂದು ಚೀಲ ಬೇಕಿತ್ತು, ಅದರೊಳಗೆ ಒಂದು ಚೂರೂ ಬೆಳಕು ನುಗ್ಗಬಾರದು. ಪೇಟೆಯಲ್ಲಿ ಸಿಗುವ ಕಪ್ಪು ಚೀಲಗಳನ್ನೆಲ್ಲ ತಂದು ನೋಡಿದ್ದರು. ಸೂಜಿ ಹೊಕ್ಕ ತೂತುಗಳಲ್ಲೆಲ್ಲ ಬೆಳಕು ಸೋರುತ್ತಿತ್ತು. ಕೋಟಕ್ಕ ಒಂದು ಚೀಲವನ್ನು ಬಲ್ಬಿಗೆ ಹಿಡಿದು ನೋಡಿ ನಕ್ಕುಬಿಟ್ಟಳು.

"ಅಲ್ಲಾ ಸರ್, ಒಂದೇ ಸಾಲು ಹೊಲಿಗೆ ಹಾಕಿದ್ರೆ ಸೋರದೆ ಇನ್ನೇನು ಮಾಡುತ್ತೆ? ಅಂಚನ್ನ ಮೂರು ಸಲ ಮಡಚಬೇಕು. ಹೊಲಿಗೆ ಮೇಲೆ ಬಟ್ಟೆ ಮಲಗಬೇಕು."

ಸಂಜೆಯೊಳಗೆ ಚೀಲ ತಯಾರಾಯಿತು. ಹಿರಿಯರು ತಮ್ಮ ತಲೆಯನ್ನೇ ಅದರೊಳಗೆ ತೂರಿಸಿ ಐದು ನಿಮಿಷ ಕೂತರು. ಹೊರಗೆ ಬಂದವರೇ, "ನನಗೆ ಕಣ್ಣಿದೆಯೋ ಇಲ್ಲವೋ ಅಂತಲೇ ಗೊತ್ತಾಗಲಿಲ್ಲ ಕಣಮ್ಮಾ!" ಎಂದು ಮಗುವಿನ ಹಾಗೆ ಕುಣಿದರು. ಆ ಸುದ್ದಿ ಉಳಿದ ಹತ್ತು ಬಾಗಿಲುಗಳಿಗೆ ತಲುಪಲು ಒಂದು ವಾರ ಸಾಕಾಯಿತು.

ಆಮೇಲೆ ನೋಡಿ, ಸಾಲೇ ಸಾಲು. ನಿದ್ದೆಯ ಶಾಲೆಯವರಿಗೆ ಇಲಿಗೊಂದು ಅಂಗಿ ಬೇಕಾಯಿತು, ಬೆನ್ನ ಮೇಲೆ ಬಟಾಣಿಯಷ್ಟು ದೊಡ್ಡ ಯಂತ್ರ ಹೊರುವುದಕ್ಕೆ. ಇಲಿರಾಯ ಮೊದಲ ಅಂಗಿಯ ಗುಂಡಿಯನ್ನು ತಿಂದ, ಎರಡನೆಯದರ ದಾರವನ್ನು ತಿಂದ. ಮೂರನೆಯದಕ್ಕೆ ಕೋಟಕ್ಕ ಕಟ್ಟನ್ನು ಬೆನ್ನಿನ ಕಡೆಗೆ, ಅವನ ಹಲ್ಲಿಗೆ ಎಟುಕದ ಜಾಗಕ್ಕೆ ಇಟ್ಟಳು. ಆಕಾಶ ಕಪ್ಪಾಗಿ ಕಾಣುವಷ್ಟು ಎತ್ತರಕ್ಕೆ ಬಲೂನು ಹಾರಿಸುವವರಿಗೆ, ಮೇಲೆ ಹೋದ ಪೆಟ್ಟಿಗೆಯನ್ನು ಮೆಲ್ಲಗೆ ಇಳಿಸುವ ಕೊಡೆ ಹೊಲಿದುಕೊಟ್ಟಳು. ಅದನ್ನು ಹರಡಿ ಹೊಲಿಯಲು ಕೋಣೆಯಲ್ಲಿ ಜಾಗ ಸಾಲದೆ ಇಡೀ ಕಾರಿಡಾರನ್ನು ಮೂರು ದಿನ ಮುಚ್ಚಿಸಿದಳು. ನಿರ್ದೇಶಕರು ಸಹ ಹಿಂಬಾಗಿಲಿನಿಂದ ಓಡಾಡಿದರು. ಕೃತಕ ಹೃದಯದ ಶಾಲೆಯವರಿಗೆ ಹೆಬ್ಬೆರಳಿನ ಉಗುರಿನಷ್ಟಗಲದ ಒಂದು ಬಟ್ಟೆಯ ಉಂಗುರ ಹೊಲಿಯುವಾಗ ಮಾತ್ರ ಮೂರು ಸಲ ಬಿಚ್ಚಿ ಮತ್ತೆ ಹೊಲಿದಳಂತೆ. ಗಾಜಿನ ತೊಟ್ಟಿಯಲ್ಲಿ ಆ ಹೃದಯ ಲಬ್ ಡಬ್ ಎಂದಾಗ ಅವಳು ತನ್ನ ಎದೆಯನ್ನೇ ಮುಟ್ಟಿ ನೋಡಿಕೊಂಡಳು.

ಅವಳ ಗಂಡ ಬಸ್ಸಿನ ಡ್ರೈವರು. ಮನೆಗೆ ಬಂದು ಬೂಟು ಬಿಚ್ಚುತ್ತ ದಿನಾ ಒಂದೇ ಪ್ರಶ್ನೆ. "ಇವತ್ತು ಯಾರಿಗೆ ಹೊಲಿದೆ?"

"ಇಲಿಗೆ."

"ಕಾಲರ್ ಇಟ್ಟೆಯಾ?"

"ಇಟ್ಟೆ. ನಿಮ್ಮ ಯೂನಿಫಾರಂಗಿಂತ ಚೆನ್ನಾಗಿದೆ."

ಇಷ್ಟೆಲ್ಲ ಕೈಚಳಕವಿದ್ದ ಕೋಟಕ್ಕನಿಗೆ ಒಂದು ಚಾಳಿಯಿತ್ತು. ಏನೇ ಹೊಲಿಯಲಿ, ಒಳಗಡೆ ಎರಡು ಬೆರಳಿನಷ್ಟು ಬಟ್ಟೆಯನ್ನು ಹೆಚ್ಚಾಗಿ ಮಡಚಿ ಬಿಡುತ್ತಿದ್ದಳು. ಮುಂದೆ ಬೇಕಾದರೆ ಹೊಲಿಗೆ ಬಿಚ್ಚಿ ದೊಡ್ಡದು ಮಾಡಬಹುದು ನೋಡಿ, ಅದಕ್ಕೆ. ಕೋಟಿಗೆ ಬಿಟ್ಟದ್ದು ಸರಿಯೇ ಆಯಿತು, ವಿಜ್ಞಾನಿಗಳೂ ವರ್ಷದಿಂದ ವರ್ಷಕ್ಕೆ ಹೊಟ್ಟೆ ಬೆಳೆಸುವವರೇ. ಇಲಿಯ ಅಂಗಿಗೂ ಬಿಟ್ಟಳು. ಪರದೆಗೂ ಬಿಟ್ಟಳು. "ಕಿಟಕಿ ಬೆಳೆಯುತ್ತಾ ಕೋಟಕ್ಕಾ?" ಎಂದು ಉಗ್ರಾಣದವನು ಕಿಚಾಯಿಸಿದರೆ, "ಯಾರಿಗೆ ಗೊತ್ತು, ಇಲ್ಲಿ ಏನೇನೋ ಪ್ರಯೋಗ ನಡೀತಿರುತ್ತೆ," ಎನ್ನುತ್ತಿದ್ದಳು.

ಆ ಚಾಳಿ ಬಂದದ್ದು ಒಂದು ನೀಲಿ ಫ್ರಾಕಿನಿಂದ. ಏಳು ವರ್ಷದವಳಿದ್ದಾಗ ಅವಳಮ್ಮ ಅವಳಿಗೆ ಅದನ್ನು ಹೊಲಿದಿದ್ದರು. ಹನ್ನೊಂದರವರೆಗೂ ಅವಳು ಅದನ್ನೇ ತೊಟ್ಟಳು. ಮೂರು ಸಲ ಅಮ್ಮ ಕೆಳಗಿನ ಮಡಿಕೆ ಬಿಚ್ಚಿದರು. ಬಿಚ್ಚಿದಾಗಲೆಲ್ಲ ಒಳಗೆ ಅಡಗಿದ್ದ ಬಟ್ಟೆ ಹೊಸದಾಗಿ, ಕಡುನೀಲಿಯಾಗಿ ಹೊರಗೆ ಬರುತ್ತಿತ್ತು, ಮೇಲಿನದು ಒಗೆದು ಒಗೆದು ಬಿಳಿಚಿಕೊಂಡಿರುತ್ತಿತ್ತು. ಶಾಲೆಯ ಹುಡುಗಿಯರು ಆ ಮೂರು ಗೆರೆಗಳನ್ನು ನೋಡಿ ನಕ್ಕರೆ ಅವಳು ಸೊಂಟದ ಮೇಲೆ ಕೈಯಿಟ್ಟು, "ನಾನು ಎಷ್ಟು ಬೆಳೆದಿದ್ದೀನಿ ಅಂತ ಬರೆದಿದೆ, ಓದ್ಕೊಳ್ಳಿ," ಎಂದಿದ್ದಳಂತೆ. ಜಂಬದ ಹುಡುಗಿ!

ಆ ಎರಡು ಬೆರಳು ಅವಳಿಗೆ ಮೊದಲ ಸಲ ಅವಮಾನ ತಂದದ್ದು ಒಂದು ಮೀನಿನ ದೆಸೆಯಿಂದ.

ಯಂತ್ರಮಾನವ ಶಾಲೆಯ ಮುಖ್ಯಸ್ಥರನ್ನು ಹಿಂದಿನಿಂದ ಎಲ್ಲರೂ ಮಿಲಿಮೀಟರ್ ಸಾಹೇಬರು ಎನ್ನುತ್ತಿದ್ದರು. ತೆಳ್ಳಗೆ ಉದ್ದಕ್ಕೆ ಇದ್ದರು, ಕಿವಿಯ ಮೇಲೆ ಸದಾ ಒಂದು ಪೆನ್ಸಿಲು. ಚಹಾಕ್ಕೆ ಎಷ್ಟು ಸಕ್ಕರೆ ಎಂದರೆ "ಆರು ಗ್ರಾಂ" ಎನ್ನುವ ಮನುಷ್ಯ. ಅವರು ಸಮುದ್ರದಾಳದಲ್ಲಿ ಈಜಿ ನೀರಿನ ಬಿಸಿಯನ್ನು ಅಳೆದು ತರುವ ಯಂತ್ರದ ಮೀನನ್ನು ಕಟ್ಟಿದ್ದರು, ಒಂದು ತೋಳಿನಷ್ಟು ಉದ್ದ. ಅದಕ್ಕೆ ಚರ್ಮ ಹೊಲಿಯಲು ವಿಶೇಷವಾಗಿ ನೇಯಿಸಿದ ಬಟ್ಟೆ ತರಿಸಿದ್ದರು. ಉದ್ದಕ್ಕೆ ಎಳೆದರೆ ಜಗ್ಗದ, ಅಡ್ಡಕ್ಕೆ ಎಳೆದರೆ ಸ್ವಲ್ಪ ಹಿಗ್ಗುವ, ಒಳ್ಳೆ ಕಿತ್ತಳೆ ಬಣ್ಣದ ಬಟ್ಟೆ. ಕೋಟಕ್ಕ ಹೊಲಿದಳು. ಹೊರಗಡೆ ರಬ್ಬರು ಬಳಿದು ಒಣಗಿಸಿದರು. ನೋಡಲು ಗಣ್ಯರೆಲ್ಲ ಬಂದರು. ಮೀನನ್ನು ತೊಟ್ಟಿಗೆ ಬಿಟ್ಟರು.

ಮೀನು ಎಡಕ್ಕೆ ತಿರುಗಿತು. ಇನ್ನಷ್ಟು ಎಡಕ್ಕೆ ತಿರುಗಿತು. ಆಮೇಲೆ ಗಾಣದ ಎತ್ತಿನ ಹಾಗೆ ಎಡಕ್ಕೇ ಸುತ್ತತೊಡಗಿ ಬ್ಯಾಟರಿ ಮುಗಿಯುವ ತನಕ ಬಿಡಲಿಲ್ಲ. ಗಣ್ಯರು ಮೊದಲು ಕೆಮ್ಮಿದರು, ಆಮೇಲೆ ಬಾಯಿಬಿಟ್ಟು ನಕ್ಕರು.

ಬಿಚ್ಚಿ ನೋಡಿದರೆ ಎಡಗಡೆಯ ಹೊಲಿಗೆಯ ಒಳಗೆ ಎರಡೂ ಬದಿಗೆ ಎರಡೆರಡು ಬೆರಳು ಹೆಚ್ಚಿನ ಬಟ್ಟೆ! ಆ ಮಗ್ಗುಲು ದಪ್ಪವಾಗಿ, ಬಿರುಸಾಗಿ, ಮೀನು ಅತ್ತಲೇ ವಾಲಿತ್ತು.

"ಇದು ಯಾಕೆ ಅಕ್ಕಾ?" ಮಿಲಿಮೀಟರ್ ಸಾಹೇಬರ ಧ್ವನಿ ಏರಿರಲಿಲ್ಲ. ಏರಿದ್ದರೆ ಚೆನ್ನಾಗಿತ್ತು.

"ಮುಂದೆ ಬೇಕಾಗಬಹುದು ಅಂತ..."

"ಮೀನು ಬೆಳೆಯಲ್ಲ. ಇದು ಯಂತ್ರ."

ಕೋಟಕ್ಕನಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಮರುದಿನ ಸಾಹೇಬರು ಆ ಕಿತ್ತಳೆ ಚರ್ಮವನ್ನು ತಂದು ಅವಳ ಕೋಣೆಯ ಮೊಳೆಗೆ ತಾವೇ ನೇತುಹಾಕಿದರು. ಪಕ್ಕದಲ್ಲಿ ಒಂದು ಕಾಗದ ಅಂಟಿಸಿದರು: "ಅಳತೆ ಎಂದರೆ ಅಳತೆ." ಇನ್ನು ಮುಂದೆ ತಮ್ಮ ಶಾಲೆಯ ಕೆಲಸದಲ್ಲಿ ಒಂದು ನೂಲೆಳೆಯಷ್ಟೂ ಹೆಚ್ಚು ಬಿಡಕೂಡದೆಂದು ಅವಳಿಂದ ಮಾತು ತೆಗೆದುಕೊಂಡರು. ಕೋಟಕ್ಕ ಮಾತು ಕೊಟ್ಟಳು. ಕೊಟ್ಟ ಮಾತಿಗೆ ತಪ್ಪುವ ಹೆಂಗಸಲ್ಲ ಅವಳು.

ಮುಂದಿನ ವರ್ಷ ಆ ಶಾಲೆಯವರು ಕೈಹಾಕಿದ್ದು ಅದುವರೆಗಿನ ಎಲ್ಲಕ್ಕಿಂತ ದೊಡ್ಡ ಕೆಲಸಕ್ಕೆ. ಕಾಲಿನಲ್ಲಿ ಬಲವಿಲ್ಲದವರನ್ನು ನಡೆಸುವ ಉಡುಪು. ಕಬ್ಬಿಣದ ಚೌಕಟ್ಟಿಲ್ಲ, ಕೋಲಿಲ್ಲ. ಪ್ಯಾಂಟಿನ ಹಾಗೆ ಹಾಕಿಕೊಳ್ಳುವುದು, ಅಷ್ಟೆ. ಬಟ್ಟೆಯೊಳಗೆ ಓಡುವ ಸಣ್ಣ ತಂತಿಗಳು, ಸೊಂಟದಲ್ಲಿ ಪುಟ್ಟ ಮೋಟಾರುಗಳು. ಕಾಲು ಎತ್ತಬೇಕೆಂದು ಸ್ನಾಯು ಬಿಗಿದುಕೊಂಡ ಕೂಡಲೇ ಬಟ್ಟೆಯೇ ಕಾಲನ್ನು ಎತ್ತಬೇಕು.

ಅದನ್ನು ತೊಡಬೇಕಾದವಳು ಹತ್ತು ವರ್ಷದ ಒಬ್ಬ ಹುಡುಗಿ. ನಾಲ್ಕನೆಯ ವಯಸ್ಸಿನಲ್ಲಿ ಬಂದ ಜ್ವರವೊಂದು ಅವಳ ಕಾಲುಗಳ ಬಲವನ್ನು ಕಿತ್ತುಕೊಂಡಿತ್ತು, ನಾಲಿಗೆಯ ಬಲವನ್ನು ಮುಟ್ಟಿರಲಿಲ್ಲ. ಗಾಲಿಕುರ್ಚಿಯಲ್ಲಿ ಬಂದ ಮೊದಲ ದಿನವೇ ಮಿಲಿಮೀಟರ್ ಸಾಹೇಬರಿಗೆ, "ನಿಮ್ಮ ಪೆನ್ಸಿಲ್ ಕಿವೀಲಿ ಬೇರು ಬಿಟ್ಟಿದೆಯಾ ಅಂಕಲ್?" ಎಂದು ಕೇಳಿ, ಸಂಜೆಯೊಳಗೆ ಪಟಾಕಿ ಎಂಬ ಹೆಸರು ಗಿಟ್ಟಿಸಿಕೊಂಡಳು.

ಅಳತೆ ತೆಗೆಯಲು ಅವಳನ್ನು ಹಸಿರು ಬಾಗಿಲಿನ ಕೋಣೆಗೆ ಕರೆತಂದರು. ಕೋಟಕ್ಕ ಟೇಪು ಹಿಡಿದು ಮೊಣಕಾಲೂರಿ ಕೂತಳು.

"ಕೋಟಜ್ಜಿ, ಕಚಗುಳಿ ಆಗುತ್ತೆ."

"ಅಜ್ಜಿ ಅಂದ್ರೆ ಸೂಜಿ ಚುಚ್ತೀನಿ. ಅಲ್ಲಾಡಬೇಡ. ನಡೆಯೋಕೆ ಬಂದ್ರೆ ಮೊದಲು ಎಲ್ಲಿಗೆ ಹೋಗ್ತೀಯ? ಬೆಟ್ಟ ಹತ್ತೀಯಾ?"

ಪಟಾಕಿ ಇಷ್ಟು ಹೊತ್ತು ಹಾರಿಸುತ್ತಿದ್ದ ಮಾತೆಲ್ಲ ನಿಲ್ಲಿಸಿ, ಸ್ವಲ್ಪ ಯೋಚಿಸಿ ಹೇಳಿದಳು. "ಬಾಗಿಲು ತೆಗೀತೀನಿ."

"ಯಾವ ಬಾಗಿಲು?"

"ನಮ್ಮನೇದು. ಬೆಲ್ ಆಗುತ್ತಲ್ಲ, ಅಮ್ಮ ಓಡ್ತಾರೆ, ಇಲ್ಲಾಂದ್ರೆ ಅಣ್ಣ ಓಡ್ತಾನೆ. ನಾನು ಕುರ್ಚಿ ತಿರುಗಿಸೋಷ್ಟರಲ್ಲಿ ಬಂದವರು ಒಳಗೆ ಬಂದು ಕೂತಿರ್ತಾರೆ. ಒಂದು ಸಲಾನೂ ನಾನು ಬಾಗಿಲು ತೆಗೆದಿಲ್ಲ. ನಮ್ಮಮ್ಮನ ಹೆಜ್ಜೆಲಿ ಹದಿನಾರು. ನನಗೆ ಮೂವತ್ತಾಗಬಹುದು."

ಕೋಟಕ್ಕನ ಕೈಯಲ್ಲಿದ್ದ ಟೇಪು ಜಾರಿತು. ತನ್ನ ಮುಖ ಹುಡುಗಿಗೆ ಕಾಣದಿರಲೆಂದು ಬಗ್ಗಿ ಹುಡುಕುವ ನೆಪ ಮಾಡಿದಳು. ಆ ದಿನದಿಂದ ಆ ಉಡುಪು ಅವಳಿಗೆ ಹನ್ನೊಂದು ಶಾಲೆಗಳ ಕೆಲಸಗಳಲ್ಲಿ ಒಂದಾಗಿ ಉಳಿಯಲಿಲ್ಲ.

ಬಟ್ಟೆ ಕತ್ತರಿಸುವ ದಿನ ಚಾಳಿ ಕೈಯನ್ನು ಹಿಡಿದು ಎಳೆಯಿತು. ಸೀಮೆಸುಣ್ಣದಲ್ಲಿ ಗೆರೆ ಎಳೆದಳು, ಆಚೆಗೆ ಎರಡು ಬೆರಳಿಟ್ಟು ಇನ್ನೊಂದು ಗೆರೆ ಎಳೆದಳು. ಗೋಡೆ ನೋಡಿದಳು. ಕಾಗದ ಇತ್ತು, ಮೀನಿನ ಚರ್ಮವೂ ನೇತಾಡುತ್ತಿತ್ತು. ಇದೂ ಎಡಕ್ಕೇ ತಿರುಗಿಬಿಟ್ಟರೆ? ಆ ಮಗು ಬಾಗಿಲಿಗೆ ಹೋಗುವ ಬದಲು ಗೋಡೆಗೆ ಡಿಕ್ಕಿ ಹೊಡೆದರೆ? ಕೋಟಕ್ಕ ಎರಡನೆಯ ಗೆರೆಯನ್ನು ಉಜ್ಜಿ ಅಳಿಸಿ ಮೊದಲ ಗೆರೆಯ ಮೇಲೆಯೇ ಕತ್ತರಿ ಆಡಿಸಿದಳು. ಜೀವಮಾನದಲ್ಲಿ ಮೊದಲ ಸಲ.

ಉಡುಪಿಗೆ ತಂತಿ ಹಾಯಿಸುವುದು, ಮೋಟಾರು ಕೂರಿಸುವುದು, ಪರೀಕ್ಷಿಸುವುದು ಎಂದು ಎಂಟು ತಿಂಗಳು ಹಿಡಿಯಿತು. ಪರೀಕ್ಷೆಯೆಲ್ಲ ಗೊಂಬೆಯ ಮೇಲೆ. ಪಟಾಕಿಯದೇ ಅಳತೆಯಲ್ಲಿ, ಪಟಾಕಿಯದೇ ತೂಕದಲ್ಲಿ ಒಂದು ಗೊಂಬೆ ಮಾಡಿಸಿದ್ದರು. ಗೊಂಬೆ ಅಷ್ಟು ಚೆನ್ನಾಗಿ ನಡೆಯುತ್ತಿತ್ತೆಂದರೆ ಒಮ್ಮೆ ಉಗ್ರಾಣದವನು ಅದಕ್ಕೆ ನಮಸ್ಕಾರ ಹೇಳಿಬಿಟ್ಟಿದ್ದ. ಪಟಾಕಿಗೆ ಸ್ಕೂಲು, ಅಲ್ಲಿನ ಪರೀಕ್ಷೆ, ನಡುವೆ ಒಂದು ಕೆಮ್ಮು. ಅವಳನ್ನು ಯಾಕೆ ಸುಮ್ಮನೆ ಓಡಾಡಿಸುವುದೆಂದು ಯಾರೂ ಕರೆಸಲಿಲ್ಲ.

ಕೊನೆಗೆ ಹೊರಗಿನಿಂದ ಒಂದು ಸಮಿತಿ ಬರುವುದೆಂದಾಯಿತು, ಗುರುವಾರ ಬೆಳಿಗ್ಗೆ. ಹುಡುಗಿ ಅವರೆದುರು ಯಾರ ಕೈಯನ್ನೂ ಹಿಡಿಯದೆ ನಲವತ್ತು ಹೆಜ್ಜೆ ನಡೆಯಬೇಕು. ನಡೆದರೆ ಉಡುಪು ಮನೆಗೆ ಹೋಗುತ್ತದೆ, ಕೆಲಸ ಮುಂದುವರಿಯುತ್ತದೆ. ನಡೆಯದಿದ್ದರೆ ಬೀಗ. ಸಮಿತಿ ಮತ್ತೆ ಬರುವುದಿಲ್ಲವೆಂದು ಬರೆದೇ ಕಳಿಸಿದ್ದರು.

ಸೋಮವಾರ ಪಟಾಕಿ ಬಂದಳು. ಉಡುಪು ಹಾಕಿದರು.

ಮಧ್ಯಾಹ್ನ ಹಸಿರು ಬಾಗಿಲು ತಟ್ಟುವುದನ್ನೂ ಮರೆತು ಮಿಲಿಮೀಟರ್ ಸಾಹೇಬರು ಒಳಗೆ ನುಗ್ಗಿದರು. ಕಿವಿಯ ಮೇಲೆ ಪೆನ್ಸಿಲಿರಲಿಲ್ಲ. ಕೋಟಕ್ಕ ಅದನ್ನು ನೋಡಿಯೇ ಏನೋ ಎಡವಟ್ಟಾಗಿದೆ ಅಂದುಕೊಂಡಳು.

"ಅಕ್ಕಾ, ಉಡುಪು ಸಾಲ್ತಿಲ್ಲ. ಮಂಡಿ ಇರೋ ಕಡೆ ಮಂಡಿ ಬರ್ತಿಲ್ಲ. ತೊಡೇಲಿ ಹದಿನೈದು ಮಿಲಿಮೀಟರ್, ಕೆಳಗೆ ಹದಿನೈದು ಕಡಿಮೆ. ತಂತಿ ಎಳೆದ್ರೆ ಕಾಲು ಮಡಚೋ ಬದಲು ನೋವಾಗ್ತಿದೆ ಅವಳಿಗೆ."

"ಅಯ್ಯೋ! ನಾನು ಅಳತೆ ಸರಿಯಾಗೇ..."

"ಅಳತೆ ಸರಿ ಇದೆ. ಹುಡುಗಿ ಬೆಳೆದಿದ್ದಾಳೆ."

ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಬೆವರಿಗೆ ತಂತಿ ತುಕ್ಕು ಹಿಡಿಯುತ್ತದೆಯೇ, ಬೆಕ್ಕು ಅಡ್ಡ ಬಂದರೆ ಏನಾಗುತ್ತದೆ ಎಂಬುದರ ತನಕ ಲೆಕ್ಕ ಹಾಕಿದ್ದ ಏಳು ಜನ ವಿಜ್ಞಾನಿಗಳು, ಹತ್ತು ವರ್ಷದ ಹುಡುಗಿಗೆ ಹನ್ನೊಂದಾಗುತ್ತದೆ ಎಂಬುದೊಂದನ್ನು ಮರೆತಿದ್ದರು. ಗೊಂಬೆ ಬೆಳೆದಿರಲಿಲ್ಲ ನೋಡಿ.

ಸಾಹೇಬರು ಅವಳ ಎದುರಿನ ಸ್ಟೂಲಿನ ಮೇಲೆ ಕೂತರು. ಧ್ವನಿ ತಗ್ಗಿಸಿ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಕೇಳಿದರು. "ಅಕ್ಕಾ, ನಾನು ಬೈಯಲ್ಲ. ನಿಜ ಹೇಳಿ. ಒಳಗೆ ಎರಡು ಬೆರಳು ಬಿಟ್ಟಿದ್ದೀರಿ ತಾನೇ?"

"ಇಲ್ಲ ಸರ್."

"ಸುಮ್ನೆ ಹೇಳ್ತಿದ್ದೀರಿ. ನಿಮ್ಮ ಬಗ್ಗೆ ನನಗೆ ಗೊತ್ತು. ಪರದೆಗೇ ಬಿಡೋರು ನೀವು."

"ನೀವು ಬೇಡ ಅಂದ್ರಲ್ಲ ಸರ್. ಮಾತು ಕೊಟ್ಟಿದ್ದೆ."

"ನನ್ನ ಮಾತು ಯಾಕೆ ಕೇಳೋಕೆ ಹೋದ್ರಿ?" ಎಂದು ಆ ಮನುಷ್ಯ ಅಳುವ ಹಾಗೆ ಕೂಗಿದರು. "ಇಪ್ಪತ್ತಾರು ವರ್ಷದಲ್ಲಿ ಯಾರ ಮಾತೂ ಕೇಳಲಿಲ್ಲ, ನನ್ನದೇ ಕೇಳಬೇಕಿತ್ತಾ?"

ಕೋಟಕ್ಕನಿಗೆ ನಗು ಬಂತು, ಜೊತೆಗೆ ಸಿಟ್ಟೂ ಬಂತು. ಆ ದಿನ ಅಳಿಸಿದ ಸೀಮೆಸುಣ್ಣದ ಗೆರೆ ಕಣ್ಣಮುಂದೆ ಬಂತು. ಹೊಸ ಬಟ್ಟೆ ನೇಯಿಸಿ ತರಿಸಲು ನಾಲ್ಕು ತಿಂಗಳು ಬೇಕು. ಇರುವುದು ಎರಡೂವರೆ ದಿನ. ಬೇರೆ ಬಟ್ಟೆ ಸೇರಿಸಿದರೆ ಒಂದು ಕಡೆ ಜಗ್ಗಿ ಒಂದು ಕಡೆ ಬಿಗಿದು ನಡಿಗೆಯೇ ಹಾಳು. ಕತ್ತರಿಸಿ ಉಳಿದ ಚೂರುಗಳಿದ್ದವಲ್ಲ ಎಂದು ಗಂಟನ್ನೆಲ್ಲ ಸುರಿದು ಹುಡುಕಿದಳು. ಆಮೇಲೆ ಹಣೆ ಚಚ್ಚಿಕೊಂಡಳು. ಗಟ್ಟಿ ಬಟ್ಟೆ ಎಂದು ಅವನ್ನೆಲ್ಲ ಸೇರಿಸಿ ಗಂಡನ ಊಟದ ಚೀಲಕ್ಕೆ ಹಿಡಿಕೆ ಮಾಡಿದ್ದಳು. ಚೀಲವನ್ನು ಅವನು ಹೋದ ತಿಂಗಳು ಬಸ್ಸಿನಲ್ಲಿ ಮರೆತು ಕಳೆದಿದ್ದ. ಆ ಕ್ಷಣ ಗಂಡ ಎದುರಿಗಿದ್ದಿದ್ದರೆ ಅವನ ಗತಿ ಗೋವಿಂದ.

ಆ ಹೊತ್ತಿಗೆ ಬಾಗಿಲಿಗೆ ಗಾಲಿಕುರ್ಚಿ ಬಂತು. ಪಟಾಕಿಯ ಕಣ್ಣು ಕೆಂಪಾಗಿತ್ತು, ಆದರೆ ಬಾಯಿ ಸೋತಿರಲಿಲ್ಲ.

"ಕೋಟಜ್ಜಿ, ನಾನು ಬೇಕಂತ ಬೆಳೀಲಿಲ್ಲ."

ಅಷ್ಟೇ ಮಾತು. ಬೆಳೆದದ್ದಕ್ಕೆ ಒಂದು ಮಗು ಕ್ಷಮೆ ಕೇಳುವುದೆಂದರೇನು! ಕೋಟಕ್ಕನ ಅಮ್ಮ ನೀಲಿ ಫ್ರಾಕಿನ ಮಡಿಕೆ ಬಿಚ್ಚುವಾಗಲೆಲ್ಲ ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ನಗುತ್ತಿದ್ದರು. ಮಗಳು ಬೆಳೆದದ್ದು ಅವರಿಗೆ ಹಬ್ಬ. ಕೋಟಕ್ಕ ಮುಖ ಆಚೆ ತಿರುಗಿಸಿದಳು. ಮುಖ ತಿರುಗಿದ ಕಡೆ ಮೊಳೆಯಿತ್ತು. ಮೊಳೆಯಲ್ಲಿ ಕಿತ್ತಳೆ ಮೀನು ನೇತಾಡುತ್ತಿತ್ತು.

"ಸರ್," ಎಂದಳು ನಿಧಾನಕ್ಕೆ. "ಮೀನಿನ ಬಟ್ಟೆ, ಇದರ ಬಟ್ಟೆ, ಎರಡೂ ಒಂದೇ ನೇಯ್ಗೆ ಅಲ್ವಾ?"

"ಒಂದೇ. ಬಣ್ಣ ಬೇರೆ. ಆದ್ರೆ ಅದಕ್ಕೆ ರಬ್ಬರ್ ಬಳಿದಿದ್ದೀವಲ್ಲ, ಸೆಟೆದುಕೊಂಡಿದೆ."

"ಹೊರಗಡೆ ಬಳಿದಿದ್ದೀರಿ. ಒಳಗೆ ಮಡಚಿದ್ದಕ್ಕೆ ಬಳಿದಿಲ್ಲ."

ಸಾಹೇಬರು ಎದ್ದು ನಿಂತರು. ಕೋಟಕ್ಕ ಮೀನನ್ನು ಮೊಳೆಯಿಂದ ಇಳಿಸಿ ಮಗ್ಗುಲಿಗೆ ತಿರುಗಿಸಿ ಬ್ಲೇಡಿನಿಂದ ಒಂದೊಂದೇ ಹೊಲಿಗೆಯನ್ನು ಬಿಡಿಸಿದಳು. ಒಳಗಿನಿಂದ ಎರಡು ಪಟ್ಟಿ ಹೊರಗೆ ಬಂದವು, ಒಂದೊಂದೂ ತೋಳುದ್ದ, ಎರಡು ಬೆರಳಗಲ. ಮೆತ್ತಗೆ, ಹೊಸದಾಗಿ, ನಿನ್ನೆ ನೇಯ್ದ ಹಾಗೆ ಇದ್ದವು. ಸಾಹೇಬರು ಕಣ್ಣುಮುಚ್ಚಿ ಬೆರಳು ಮಡಚಿ ಲೆಕ್ಕ ಹಾಕಿದರು. ತೊಡೆಯ ಸುತ್ತಳತೆ, ಕೆಳಗಾಲಿನ ಸುತ್ತಳತೆ, ಕೂಡಿಸಿದರೆ ಒಂದು ಪಟ್ಟಿ ಒಂದು ಕಾಲಿಗೆ ಆಗಿ ಸ್ವಲ್ಪ ಮಿಕ್ಕುತ್ತದೆ. ಎರಡು ಕಾಲಿಗೆ ಎರಡು ಪಟ್ಟಿ.

"ಮೀನು ನಿನಗೋಸ್ಕರ ಇಟ್ಟಿತ್ತು ಕಣೇ," ಎಂದಳು ಕೋಟಕ್ಕ.

ಮಂಗಳವಾರ ಮತ್ತು ಬುಧವಾರ ಆ ಕೋಣೆಯಲ್ಲಿ ನಡೆದದ್ದನ್ನು ಉಗ್ರಾಣದವನು ಇವತ್ತಿಗೂ ಬಂದವರಿಗೆಲ್ಲ ವರ್ಣಿಸುತ್ತಾನೆ. ಉಡುಪನ್ನು ನಾಲ್ಕು ಕಡೆ ಅಡ್ಡಕ್ಕೆ ಕತ್ತರಿಸಿ ನಡುವೆ ಪಟ್ಟಿ ಸೇರಿಸಬೇಕಿತ್ತು. ಆದರೆ ತಂತಿಗಳನ್ನೂ ಸಾಹೇಬರು ಅಳತೆಗೆ ಸರಿಯಾಗಿಯೇ ಕತ್ತರಿಸಿದ್ದರು, ಅವೂ ಸಾಲುತ್ತಿರಲಿಲ್ಲ. ಕೋಟಕ್ಕ ಸುಮ್ಮನೆ ಕನ್ನಡಕದ ಮೇಲಿಂದ ನೋಡಿದಳು. "ಗೊತ್ತಾಯ್ತು, ಗೊತ್ತಾಯ್ತು," ಎಂದು ಅವರು ನೆಲದ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತು ಒಂದೊಂದೇ ತಂತಿಗೆ ತುಂಡು ಬೆಸೆದರು. ಅವಳು ಕಚ್ಚಾ ಹೊಲಿಗೆ ಹಾಕುವುದು, ಅವರು ತಂತಿ ಹಾಯಿಸುವುದು, ಅವಳು ಯಂತ್ರದಲ್ಲಿ ಗಟ್ಟಿ ಮಾಡುವುದು. ತಂತಿಯ ಹತ್ತಿರ ಯಂತ್ರ ಆಡಿಸುವಂತಿರಲಿಲ್ಲ, ಅಲ್ಲೆಲ್ಲ ಕೈಹೊಲಿಗೆ. ಪಟಾಕಿ ಪಕ್ಕದಲ್ಲಿ ಕೂತು ಗುಂಡುಪಿನ್ನು ಎಣಿಸಿ ಕೊಡುತ್ತ ಇಬ್ಬರಿಗೂ ಅಪ್ಪಣೆ ಹೊರಡಿಸುತ್ತಿದ್ದಳು. ಕಿತ್ತಳೆ ಎದ್ದು ಕಾಣುತ್ತದೆ, ಬೂದುಬಣ್ಣ ಬಳಿಯೋಣವೇ ಎಂದು ಸಾಹೇಬರು ಕೇಳಿದ್ದಕ್ಕೆ ಅವಳು ಕಣ್ಣರಳಿಸಿ, "ಮುಟ್ಟಿದ್ರೆ ನೋಡಿ!" ಎಂದಳು.

ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಕೋಟಕ್ಕ ಕೊನೆಯ ದಾರವನ್ನು ಹಲ್ಲಿನಿಂದ ಕಡಿದಳು. ಮಂಡಿ ಇರುವ ಕಡೆ ಮಂಡಿ ಬಂತು. ಪಟಾಕಿ ಗೋಡೆ ಹಿಡಿದು ಏಳು ಹೆಜ್ಜೆ ನಡೆದಳು. ಅದಕ್ಕಿಂತ ಹೆಚ್ಚು ಪರೀಕ್ಷಿಸಲು ಸಮಯವಿರಲಿಲ್ಲ, ಧೈರ್ಯವೂ ಇರಲಿಲ್ಲ.

ಗುರುವಾರ ದೊಡ್ಡ ಹಾಲಿನಲ್ಲಿ ಸಮಿತಿಯ ಮೂವರು ಕೂತರು. ನಡುವೆ ಕೂತಿದ್ದ ವಯಸ್ಸಾದ ಡಾಕ್ಟರಮ್ಮನ ಮುಖ ನೋಡಿದರೆ ಅವರು ಹುಟ್ಟಿದ ಮೇಲೆ ನಕ್ಕ ಹಾಗೆ ಕಾಣುತ್ತಿರಲಿಲ್ಲ. ಕೋಟಕ್ಕನನ್ನು ಯಾರೂ ಕರೆದಿರಲಿಲ್ಲ. ಅವಳು ಕಿಟಕಿಯ ಪರದೆಯ ಕೊಂಡಿ ಸರಿಮಾಡುವ ನೆಪದಲ್ಲಿ ಹಿಂದೆ ನಿಂತಿದ್ದಳು. ಪರದೆಗಿಂತ ಒಳ್ಳೆಯ ನೆಪ ಯಾವುದಿದೆ?

ಪಟಾಕಿ ಕುರ್ಚಿಯ ಕೈ ಬಿಟ್ಟಳು. ಒಂದು, ಎರಡು, ಮೂರು. ಮೋಟಾರು ಸಣ್ಣಗೆ ಗುಂಯ್ ಎನ್ನುತ್ತಿತ್ತು. ಹತ್ತು. ಇಪ್ಪತ್ತು. ಇಪ್ಪತ್ತಾರನೆಯ ಹೆಜ್ಜೆಯಲ್ಲಿ ಎಡಗಾಲು ಅದುರಿ ಅವಳು ವಾಲಿದಳು, ಎಡಕ್ಕೇ. ಮಿಲಿಮೀಟರ್ ಸಾಹೇಬರು ಕಣ್ಣುಮುಚ್ಚಿಕೊಂಡರು. ಕೋಟಕ್ಕ ಮುಚ್ಚಲಿಲ್ಲ. ತೊಡೆಯ ಕಿತ್ತಳೆ ಪಟ್ಟಿ ಬಿಗಿಯಾಗಿ ಎಳೆದುಕೊಂಡದ್ದು ಅವಳಿಗೆ ಅಷ್ಟು ದೂರದಿಂದಲೂ ಕಂಡಿತು. "ಹಿಡ್ಕೋ, ಹಿಡ್ಕೋ, ನನ್ನ ಮಾನ ಕಳೀಬೇಡ," ಎಂದು ಹೊಲಿಗೆಗೆ ಬೇಡಿಕೊಂಡಳು. ಹೊಲಿಗೆ ಹಿಡಿಯಿತು. ಹುಡುಗಿ ನೆಟ್ಟಗಾದಳು. ಮೂವತ್ತು. ನಲವತ್ತು. ನಲವತ್ತಾದ ಮೇಲೂ ನಿಲ್ಲದೆ ಇನ್ನೂ ಮೂರು ಹೆಜ್ಜೆ ಹಾಕಿ, "ಇದು ಕೊಸರು," ಎಂದಳು.

ಮೂವರಲ್ಲಿ ಇಬ್ಬರು ಚಪ್ಪಾಳೆ ತಟ್ಟಿದರು. ಡಾಕ್ಟರಮ್ಮ ಮಾತ್ರ ಬಗ್ಗಿ ನೋಡಿ ಕೇಳಿದರು. "ನಕ್ಷೆಯಲ್ಲಿ ಈ ಕಿತ್ತಳೆ ಪಟ್ಟಿಗಳು ಇರಲಿಲ್ಲವಲ್ಲ. ಯಾವ ಉದ್ದೇಶಕ್ಕೆ?"

ಸಾಹೇಬರು ಬಾಯಿ ತೆರೆಯುವಷ್ಟರಲ್ಲಿ ಪಟಾಕಿ ಉತ್ತರಿಸಿಬಿಟ್ಟಳು. "ಅದು ಮೀನಿಂದು."

ಸಾಹೇಬರಿಗೆ ದೊಡ್ಡ ದೊಡ್ಡ ಪದಗಳಲ್ಲಿ ಏನಾದರೂ ಹೇಳಿ ಪಾರಾಗಲು ಬರುತ್ತಿತ್ತು. ಅವರು ಹಾಗೆ ಮಾಡಲಿಲ್ಲ. "ಎಲ್ಲಾ ಲೆಕ್ಕ ಹಾಕಿದ್ದೆವು ಮೇಡಂ. ಮಗು ಬೆಳೆಯುತ್ತೆ ಅನ್ನೋದನ್ನು ಮರೆತಿದ್ದೆವು. ಅದು ನೆನಪಿದ್ದವರು ನಮ್ಮಲ್ಲಿ ಒಬ್ಬರೇ. ಅವರ ಬಾಯಿ ಮುಚ್ಚಿಸಿದ್ದೂ ನಾನೇ," ಎಂದು ಪರದೆಯ ಕಡೆ ಕೈ ತೋರಿಸಿದರು. ಕೋಟಕ್ಕ ಪರದೆಯೊಳಗೆ ಮುಖ ಮುಚ್ಚಿಕೊಂಡಳು. ಡಾಕ್ಟರಮ್ಮ ನಕ್ಕರಂತೆ. ಅವಳಿಗೆ ಕಾಣಲಿಲ್ಲ.

ಆ ಸಂಜೆ ಗೋಡೆಯ ಮೇಲಿನ "ಅಳತೆ ಎಂದರೆ ಅಳತೆ" ಕೆಳಗೆ ಪೆನ್ಸಿಲಿನಲ್ಲಿ ಇನ್ನೊಂದು ಸಾಲು ಸೇರಿತ್ತು: "ಮಕ್ಕಳದಾದರೆ, ಜೊತೆಗೆ ಎರಡು ಬೆರಳು." ಗಂಡ ಬೂಟು ಬಿಚ್ಚುತ್ತ ಎಂದಿನಂತೆ ಕೇಳಿದ, "ಇವತ್ತು ಯಾರಿಗೆ ಹೊಲಿದೆ?" ಕೋಟಕ್ಕ ಉತ್ತರ ಕೊಡುವ ಬದಲು ಊಟದ ಚೀಲ ಕಳೆದದ್ದಕ್ಕೆ ಮೊದಲಿನಿಂದ ಬೈಯತೊಡಗಿದಳು. ಬೈಯುತ್ತಲೇ ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ಪಾಪ, ಆ ಮನುಷ್ಯನಿಗೆ ಏನೂ ಅರ್ಥವಾಗಲಿಲ್ಲ.

ನಾಲ್ಕು ತಿಂಗಳಿಗೆ ಹೊಸ ಬಟ್ಟೆ ಬಂತು, ಹೊಸ ಉಡುಪು ತಯಾರಾಯಿತು. ಈ ಸಲ ಎರಡನೆಯ ಗೆರೆಯನ್ನು ಸಾಹೇಬರೇ ನಿಂತು ಹಾಕಿಸಿದರು. ಒಳಗಿನ ಬಟ್ಟೆಯಿಂದ ನಡಿಗೆ ವಾಲದಂತೆ ಎರಡೂ ಮಗ್ಗುಲಿಗೆ ಸಮನಾಗಿ ಬಿಡುವುದನ್ನು ಇಬ್ಬರೂ ಕೂತು ಕಂಡುಕೊಂಡಿದ್ದರು. ತಂತಿಗಳಿಗೂ ಎರಡು ಬೆರಳು ಸಡಿಲ ಬಿಟ್ಟರು. ಹೊರಗೆ ಕಿತ್ತಳೆ ಪಟ್ಟಿ ಬೇಕೇ ಬೇಕೆಂದು ಪಟಾಕಿ ಹಟ ಹಿಡಿದದ್ದರಿಂದ ಅದನ್ನೂ ಹೊಲಿದರು, ಬರೀ ಚೆಂದಕ್ಕೆ.

ಹೊಸ ಉಡುಪು ಮನೆಗೆ ಹೋಗಿ ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಕೋಟಕ್ಕ ಟೇಪು, ಸೂಜಿ, ದಾರ ಚೀಲದಲ್ಲಿಟ್ಟುಕೊಂಡು, ಹೊಲಿಗೆ ಎಲ್ಲಾದರೂ ಸಡಿಲವಾಗಿದೆಯೋ ನೋಡಿ ಬರಲು ಹೊರಟಳು. ಎರಡು ಮಹಡಿಯ ಕಟ್ಟಡ, ಕೆಳಗಿನ ಮನೆ, ಹೊಸ್ತಿಲ ಪಕ್ಕ ಎರಡು ಜೊತೆ ಚಪ್ಪಲಿ. ಬೆಲ್ ಒತ್ತಿದಳು.

ಒಳಗೆ ಕುರ್ಚಿ ಸರಿದ ಸದ್ದು. ಕೂಡಲೇ ಕೂಗು. "ಯಾರೂ ಏಳಬೇಡಿ! ಅಮ್ಮಾ ಕೂತ್ಕೋ! ಅಣ್ಣಾ, ಎದ್ರೆ ನೋಡು!"

ಆಮೇಲೆ ಗುಂಯ್ ಎಂಬ ಸದ್ದು, ಹಿಂದೆಯೇ ಒಂದು ಹೆಜ್ಜೆ. ಮತ್ತೊಂದು. ಕೋಟಕ್ಕ ಬಾಗಿಲ ಈಚೆ ನಿಂತು ಎಣಿಸತೊಡಗಿದಳು. ಹನ್ನೆರಡು, ಹದಿಮೂರು. ನಡುವೆ ನಿಂತಿತು. ಅವಳು ಬಾಗಿಲಿಗೆ ಕಿವಿ ಹಚ್ಚಿದಳು. ಮತ್ತೆ ಹದಿನಾಲ್ಕು. ಇಪ್ಪತ್ತೆಂಟಕ್ಕೆ ಚಿಲಕ ಅಲ್ಲಾಡಿತು, ಸಿಕ್ಕಿಕೊಂಡಿತು, ಕೊನೆಗೆ ಸರಿಯಿತು.

ಪಟಾಕಿ ಒಂದು ಕೈಯಲ್ಲಿ ಬಾಗಿಲು ಹಿಡಿದು ನಿಂತಿದ್ದಳು. ಅವಳ ಬೆನ್ನ ಹಿಂದೆ, ದೂರದಲ್ಲಿ, ಅವಳಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದುಕೊಂಡು ಕೂತಿದ್ದರು. ಹುಡುಗಿ ಬಂದವಳನ್ನು ತಲೆಯಿಂದ ಕಾಲಿನ ತನಕ ಗಂಭೀರವಾಗಿ ನೋಡಿದಳು.

"ಯಾರು ಬೇಕಾಗಿತ್ತು?"

ಕೋಟಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, "ಅಳತೆ ನೋಡೋಕೆ ಬಂದೆ ಕಣಮ್ಮಾ," ಎಂದಳು.

"ಒಳಗೆ ಬನ್ನಿ," ಎಂದು ಪಟಾಕಿ ದಾರಿ ಬಿಟ್ಟಳು. ಆಮೇಲೆ ದನಿ ಇಳಿಸಿ, ತಪ್ಪು ಒಪ್ಪಿಕೊಳ್ಳುವವಳ ಹಾಗೆ, "ಕೋಟಜ್ಜಿ, ಮತ್ತೆ ಅರ್ಧ ಸೆಂಟಿಮೀಟರ್ ಬೆಳೆದುಬಿಟ್ಟಿದ್ದೀನಿ," ಎಂದಳು.

"ಬೆಳಿ ಮಗಳೇ, ಬೆಳಿ," ಎಂದಳು ಕೋಟಕ್ಕ. "ಒಳಗೆ ಬಟ್ಟೆ ಇದೆ."